ಟ್ಯೂಬ್ ಎಷ್ಟು ದಿನ ಬರುತ್ತದೆ? ಸನ್‌ಸ್ಕ್ರೀನ್ ಕೊಳ್ಳುವವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಚರ್ಮರೋಗ ತಜ್ಞರ ಬಳಿ ಮೊದಲ ಬಾರಿ ಹೋದಾಗ ಅವರು ನನ್ನನ್ನು ಕೇಳಿದ್ದು ಯಾವ ಕಂಪನಿಯ ಸನ್‌ಸ್ಕ್ರೀನ್ ಹಚ್ಚುತ್ತೀರಿ ಎಂದಲ್ಲ, ಒಂದು ಟ್ಯೂಬ್ ಎಷ್ಟು ದಿನ ಬರುತ್ತದೆ ಎಂದು. ಐದು ತಿಂಗಳು ಬರುತ್ತದೆ ಎಂದು ಹೇಳಿದೆ. ಪ್ರತಿದಿನ ತಪ್ಪದೆ ಹಚ್ಚುತ್ತಿದ್ದರೂ ಕೆನ್ನೆಯ ಮೇಲಿನ ಬಂಗು ಎರಡು ವರ್ಷಗಳಿಂದ ಗಾಢವಾಗುತ್ತಲೇ ಇದ್ದುದಕ್ಕೆ ಕಾರಣ ಆ ಉತ್ತರದಲ್ಲಿಯೇ ಇತ್ತು. 50 ಗ್ರಾಂ ಟ್ಯೂಬನ್ನು ದಿನಕ್ಕೆ ಒಂದೇ ಬಾರಿ, ಆದರೆ ಸರಿಯಾದ ಪ್ರಮಾಣದಲ್ಲಿ, ಮುಖಕ್ಕೂ ಕುತ್ತಿಗೆಗೂ ಹಚ್ಚಿದರೆ ಅದು ಸುಮಾರು ಆರು ವಾರಗಳಲ್ಲಿ ಮುಗಿಯಬೇಕು. ಐದು ತಿಂಗಳು ಬರುತ್ತಿತ್ತೆಂದರೆ ನಾನು ಹಚ್ಚುತ್ತಿದ್ದುದು ಬೇಕಾದುದರ ಕಾಲು ಭಾಗದಷ್ಟೇ ಆಗಿತ್ತು. ದುಬಾರಿ ಟ್ಯೂಬನ್ನು ಉಳಿಸಿ ಉಳಿಸಿ ಬಳಸುತ್ತಿದ್ದೆ.

ಪೊಟ್ಟಣದ ಮೇಲೆ ಎಸ್‌ಪಿಎಫ್ 50 ಎಂದು ಬರೆದಿರುವುದರ ಅರ್ಥ, ಪ್ರಯೋಗಾಲಯದಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ ಆ ಮಟ್ಟದ ರಕ್ಷಣೆ ದೊರೆತಿದೆ ಎಂದು. ಅರ್ಧ ಪ್ರಮಾಣ ಹಚ್ಚಿದರೆ ರಕ್ಷಣೆಯೂ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಎರಡು ಸನ್‌ಸ್ಕ್ರೀನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಾಗ ನಾನು ಈಗ ಮೊದಲು ಕೇಳಿಕೊಳ್ಳುವುದು ಎರಡೇ ಪ್ರಶ್ನೆಗಳನ್ನು. ಇದನ್ನು ಪೂರ್ತಿ ಪ್ರಮಾಣದಲ್ಲಿ ದಿನವೂ ಹಚ್ಚಲು ನನ್ನ ಸಂಬಳ ಒಪ್ಪುತ್ತದೆಯೇ, ಪೂರ್ತಿ ಪ್ರಮಾಣದಲ್ಲಿ ಹಚ್ಚಿದಾಗ ನನ್ನ ಮುಖ ಅದನ್ನು ಸಹಿಸುತ್ತದೆಯೇ? ಉಳಿದ ಹೋಲಿಕೆಗಳೆಲ್ಲ ಇವುಗಳ ನಂತರ ಬರುವಂಥವು.

ಗ್ರಾಮಿನ ಲೆಕ್ಕ

ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಟ್ಯೂಬಿನ ಒಟ್ಟು ಬೆಲೆ. ಆದರೆ ಒಂದು ಟ್ಯೂಬ್ 30 ಗ್ರಾಂ ಇರುತ್ತದೆ, ಇನ್ನೊಂದು 50, ಮತ್ತೊಂದು 80. ಕೊಡುಗೆಯ ದಿನಗಳಲ್ಲಿ ಎರಡು ಟ್ಯೂಬ್‌ಗಳನ್ನು ಕಟ್ಟಿ ಮಾರುವಾಗ ಈ ಲೆಕ್ಕ ಇನ್ನಷ್ಟು ಮಸುಕಾಗುತ್ತದೆ. ಇದಕ್ಕೊಂದು ಸುಲಭ ದಾರಿ ಈಗ ಪೊಟ್ಟಣದ ಮೇಲೆಯೇ ಇದೆ. ಪೊಟ್ಟಣದ ವಸ್ತುಗಳ ಕುರಿತ ಕಾನೂನು ಮಾಪನಶಾಸ್ತ್ರ ನಿಯಮಗಳ ತಿದ್ದುಪಡಿಯ ನಂತರ ಎಂಆರ್‌ಪಿಯ ಹತ್ತಿರವೇ ಒಂದು ಗ್ರಾಮಿಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ರೂಪಾಯಿ ಎಂಬುದನ್ನೂ ಯುಎಸ್‌ಪಿ ಎಂಬ ಅಕ್ಷರಗಳೊಂದಿಗೆ ಸಣ್ಣದಾಗಿ ಮುದ್ರಿಸಿರುತ್ತಾರೆ. ಬೆಲೆಯನ್ನು ಬಿಟ್ಟು ಆ ಅಂಕಿಯನ್ನು ಹೋಲಿಸಿರಿ.

ಉದಾಹರಣೆಗೆ 50 ಗ್ರಾಮಿಗೆ 400 ರೂಪಾಯಿ ಎಂದಾದರೆ ಗ್ರಾಮಿಗೆ 8 ರೂಪಾಯಿ. ಮುಖ ಮತ್ತು ಕುತ್ತಿಗೆಗೆ ಒಂದು ಸಲಕ್ಕೆ ಸುಮಾರು 1.2 ಗ್ರಾಂ ಬೇಕಾಗುವುದರಿಂದ ಒಂದು ಬಾರಿಯ ಖರ್ಚು ಹತ್ತು ರೂಪಾಯಿಯ ಹತ್ತಿರ ಬರುತ್ತದೆ. ಅದೇ 50 ಗ್ರಾಮಿಗೆ 1,200 ರೂಪಾಯಿ ಕೊಟ್ಟರೆ ಒಂದು ಬಾರಿಗೆ ಸುಮಾರು 29 ರೂಪಾಯಿ, ಮಧ್ಯಾಹ್ನ ಮತ್ತೊಮ್ಮೆ ಹಚ್ಚಿದರೆ ದಿನಕ್ಕೆ 58. ಈ ಖರ್ಚು ಹಗುರವೆನಿಸುವವರು ಧಾರಾಳವಾಗಿ ಕೊಳ್ಳಲಿ. ಅದು ಭಾರವೆನಿಸಿದರೆ ಕೈ ತಾನಾಗಿಯೇ ಕಡಲೆಕಾಳಿನಷ್ಟು ಹಿಂಡತೊಡಗುತ್ತದೆ. ಕಡಿಮೆ ಹಚ್ಚಿದ ದುಬಾರಿ ಸನ್‌ಸ್ಕ್ರೀನಿಗಿಂತ ಪೂರ್ತಿ ಹಚ್ಚಿದ ಸಾಧಾರಣ ಸನ್‌ಸ್ಕ್ರೀನ್ ಹೆಚ್ಚು ಕಾಯುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹೆಚ್ಚು ಬೆಲೆ ತೆತ್ತರೆ ಗುಣಮಟ್ಟದ ಖಾತರಿಯಾದರೂ ಸಿಗುತ್ತದಲ್ಲ ಎಂದು ಕೇಳಬಹುದು. 2025ರಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಸಂಸ್ಥೆ ಚಾಯ್ಸ್ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆಗೆ ಒಡ್ಡಿದಾಗ 16 ತಮ್ಮ ಮೇಲೆ ಬರೆದುಕೊಂಡಿದ್ದ ಎಸ್‌ಪಿಎಫ್ ಅನ್ನು ಮುಟ್ಟಲಿಲ್ಲ. ಎಲ್ಲಕ್ಕಿಂತ ಕೆಳಗೆ ನಿಂತದ್ದು ದುಬಾರಿಯಾದ ಒಂದು ಉತ್ಪನ್ನ. ಸನ್‌ಸ್ಕ್ರೀನ್ ನಿಯಮಗಳು ಬಿಗಿಯಾಗಿರುವ ದೇಶದಲ್ಲಿಯೇ ಹೀಗಾಗಿರುವಾಗ ಬೆಲೆಯನ್ನು ನಂಬಿಕೆಯ ಗುರುತಾಗಿ ಹಿಡಿಯುವುದು ಸರಿಯಲ್ಲ. ಮನುಷ್ಯರ ಚರ್ಮದ ಮೇಲೆ ಐಎಸ್‌ಒ 24444 ವಿಧಾನದಲ್ಲಿ ಪರೀಕ್ಷೆ ಮಾಡಿಸಿ, ಅದರ ವರದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಕಂಪನಿಗಳಿವೆ. ಒಂದೇ ಬೆಲೆಯ ಎರಡು ಟ್ಯೂಬ್‌ಗಳಿದ್ದರೆ ಅಂಥ ವರದಿ ಇರುವುದನ್ನೇ ಆರಿಸಿಕೊಳ್ಳಿ.

ಲೇಬಲ್ ಓದುವ ಬಗೆ

ಸೂರ್ಯನ ನೇರಳಾತೀತ ಕಿರಣಗಳಲ್ಲಿ ಭೂಮಿಯನ್ನು ತಲಪುವುದು ಎರಡು ಬಗೆ. ಚರ್ಮವನ್ನು ಸುಟ್ಟು ಕೆಂಪಾಗಿಸುವುದು ಮುಖ್ಯವಾಗಿ ಯುವಿಬಿ. ಯುವಿಎ ಇನ್ನೂ ಆಳಕ್ಕೆ ಇಳಿದು ಚರ್ಮವನ್ನು ಕಪ್ಪಾಗಿಸುತ್ತದೆ, ಸುಕ್ಕು ತರುತ್ತದೆ, ಬಂಗನ್ನು ಕೆರಳಿಸುತ್ತದೆ. ಯುವಿಬಿಯನ್ನು ಕಿಟಕಿಯ ಗಾಜು ಬಹುಪಾಲು ತಡೆಯುತ್ತದೆ, ಯುವಿಎ ಅದನ್ನು ದಾಟಿ ಒಳಗೆ ಬರುತ್ತದೆ. ಬಸ್ಸಿನಲ್ಲಿ ದಿನವೂ ಒಂದೇ ಬದಿಯ ಕಿಟಕಿಯ ಪಕ್ಕ ಕೂರುವವರಿಗೂ, ಆಫೀಸಿನಲ್ಲಿ ಗಾಜಿನ ಗೋಡೆಗೆ ತಾಗಿ ಮೇಜಿರುವವರಿಗೂ ಸನ್‌ಸ್ಕ್ರೀನ್ ಬೇಕೆನ್ನುವುದು ಇದೇ ಕಾರಣಕ್ಕೆ.

ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿಯ ಮಾತು. ಎಸ್‌ಪಿಎಫ್ 15 ಸುಮಾರು ಶೇ. 93ರಷ್ಟನ್ನು, 30 ಸುಮಾರು ಶೇ. 97ರಷ್ಟನ್ನು, 50 ಸುಮಾರು ಶೇ. 98ರಷ್ಟನ್ನು ತಡೆಯುತ್ತದೆ. 30 ಮತ್ತು 50ರ ನಡುವೆ ಇರುವುದು ಒಂದೇ ಅಂಶವಲ್ಲವೇ ಎಂದು ಹಲವರು 30ಕ್ಕೆ ನಿಲ್ಲುತ್ತಾರೆ. ಪೂರ್ತಿ ಪ್ರಮಾಣ ಹಚ್ಚುವ ಶಿಸ್ತು ಇರುವವರಿಗೆ ಅದು ಸಾಕು. ಆದರೆ ನಮ್ಮಲ್ಲಿ ಬಹುತೇಕರು ಕಡಿಮೆಯೇ ಹಚ್ಚುವುದರಿಂದ, ಬೆಲೆ ಸಮನಾಗಿದ್ದರೆ 50 ಇರುವುದನ್ನು ಕೊಳ್ಳಿ ಎಂಬುದು ನನ್ನ ಸಲಹೆ. 100 ಎಂದು ಬರೆದದ್ದಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಂಡಿಲ್ಲ.

ನಮ್ಮ ಮೈಬಣ್ಣದವರು ಎಸ್‌ಪಿಎಫ್‌ಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಪಿಎ ಎಂಬ ಅಕ್ಷರಗಳನ್ನೂ ಅವುಗಳ ಮುಂದಿನ ಕೂಡು ಚಿಹ್ನೆಗಳನ್ನೂ. ಜಪಾನಿನಲ್ಲಿ ಹುಟ್ಟಿದ ಈ ಗುರುತು ಯುವಿಎ ರಕ್ಷಣೆಯನ್ನು ಒಂದರಿಂದ ನಾಲ್ಕು ಚಿಹ್ನೆಗಳವರೆಗೆ ಹೇಳುತ್ತದೆ. ಭಾರತದಲ್ಲಿ ಸಾಮಾನ್ಯ ಬೆಲೆಯ ಟ್ಯೂಬ್‌ಗಳ ಮೇಲೂ ಪಿಎ++++ ಈಗ ಧಾರಾಳವಾಗಿ ಸಿಗುವುದರಿಂದ ಮೂರಕ್ಕಿಂತ ಕಡಿಮೆ ಇರುವುದನ್ನು ಕೊಳ್ಳಬೇಡಿ. ಯುರೋಪಿನಿಂದ ಬಂದ ಟ್ಯೂಬಾದರೆ ವೃತ್ತದೊಳಗೆ ಯುವಿಎ ಎಂದು ಬರೆದಿರುತ್ತದೆ. ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲ ಎಂಬುದು ಅದರ ಅರ್ಥ.

ಕೊರಿಯಾ, ಜಪಾನುಗಳಿಂದ ಬಂದದ್ದೆಂದು ಅಗ್ಗಕ್ಕೆ ಮಾರುವ ಟ್ಯೂಬ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಆಮದಾದ ಪ್ರಸಾಧನ ವಸ್ತುವಿನ ಮೇಲೆ ಭಾರತದಲ್ಲಿ ನೋಂದಣಿ ಸಂಖ್ಯೆಯೂ ಆಮದುದಾರರ ಹೆಸರು ವಿಳಾಸವೂ ಇರಬೇಕು. ಅವು ಸಾಮಾನ್ಯವಾಗಿ ಹಿಂಬದಿಯ ಚೀಟಿಯಲ್ಲಿರುತ್ತವೆ. ಆ ಚೀಟಿ ಇಲ್ಲದ ಟ್ಯೂಬನ್ನು ಅರ್ಧ ಬೆಲೆಗೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ಅಮೆರಿಕದಲ್ಲಿರುವ ಬಂಧುಗಳಿಂದ ಸನ್‌ಸ್ಕ್ರೀನ್ ತರಿಸಿಕೊಳ್ಳುವ ಅಭ್ಯಾಸವೂ ಅನಗತ್ಯ. ಅಲ್ಲಿ ಸನ್‌ಸ್ಕ್ರೀನ್ ಔಷಧದ ನಿಯಮಗಳಿಗೆ ಒಳಪಡುವುದರಿಂದ ಹೊಸ ಫಿಲ್ಟರ್‌ಗಳಿಗೆ, ಅಂದರೆ ಕಿರಣಗಳನ್ನು ತಡೆಯುವ ಘಟಕಗಳಿಗೆ, ಅನುಮತಿ ಸಿಗುವುದು ದಶಕಗಳಷ್ಟು ತಡವಾಗಿದೆ. ಬಿಸಿಲಿಗೆ ಬೇಗ ಕೆಡದ ಆ ಫಿಲ್ಟರ್‌ಗಳು ನಮ್ಮ ಮಾರುಕಟ್ಟೆಯ ಟ್ಯೂಬ್‌ಗಳಲ್ಲಿ ಈಗಾಗಲೇ ಇವೆ.

ಖನಿಜವೋ ರಾಸಾಯನಿಕವೋ

ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಇರುವವನ್ನು ಖನಿಜ ಅಥವಾ ಮಿನರಲ್ ಸನ್‌ಸ್ಕ್ರೀನ್ ಎನ್ನುತ್ತಾರೆ. ಇವು ಕನ್ನಡಿಯಂತೆ ಕಿರಣಗಳನ್ನು ಹಿಂದಕ್ಕೆ ಎಸೆಯುತ್ತವೆ ಎಂಬ ವಿವರಣೆ ಎಲ್ಲೆಡೆ ಕಾಣಸಿಗುತ್ತದೆ. ವಾಸ್ತವದಲ್ಲಿ ಇವು ಮಾಡುವುದೂ ಬಹುಪಾಲು ಹೀರಿಕೊಳ್ಳುವ ಕೆಲಸವನ್ನೇ, ಹಿಂದಕ್ಕೆ ಎಸೆಯುವುದು ಸಣ್ಣ ಪಾಲು ಮಾತ್ರ. ಇವುಗಳ ದೊಡ್ಡ ಗುಣ ಸೌಮ್ಯತೆ. ಕಣ್ಣು ಉರಿಯುವವರಿಗೆ, ಬೇಗ ಕೆರಳುವ ಚರ್ಮದವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ವೈದ್ಯರು ಹೇಳುವುದು ಹೆಚ್ಚಾಗಿ ಇವನ್ನೇ. ದೊಡ್ಡ ದೋಷವೆಂದರೆ ನಮ್ಮ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುವ ಬಿಳಿ ಪದರ. ಆ ಪದರ ಕಾಣದಿರಲೆಂದು ಜನ ಕಡಿಮೆ ಹಚ್ಚತೊಡಗುತ್ತಾರೆ, ಅಲ್ಲಿಗೆ ಮತ್ತೆ ಐದು ತಿಂಗಳು ಬರುವ ಟ್ಯೂಬಿನ ಕಥೆಯೇ ಆಗುತ್ತದೆ.

ರಾಸಾಯನಿಕ ಅಥವಾ ಕೆಮಿಕಲ್ ಎಂದು ಕರೆಯುವವು ಚರ್ಮದಲ್ಲಿ ಬೇಗ ಬೆರೆತು ಕಾಣದಂತಾಗುತ್ತವೆ. ದಿನನಿತ್ಯದ ಬಳಕೆಗೆ ಹೆಚ್ಚಿನವರಿಗೆ ಒಗ್ಗುವುದು ಇವೇ. ಇಲ್ಲಿ ಘಟಕಗಳ ಪಟ್ಟಿಯಲ್ಲಿ ಎರಡು ಹೆಸರುಗಳನ್ನು ಹುಡುಕುವುದು ಒಳ್ಳೆಯದು. ಬ್ಯುಟೈಲ್ ಮೆಥಾಕ್ಸಿಡೈಬೆನ್‌ಜಾಯ್ಲ್‌ಮೀಥೇನ್ ಎಂದಿದ್ದರೆ ಅದು ಅವೊಬೆಂಜೋನ್. ಯುವಿಎಯನ್ನು ಚೆನ್ನಾಗಿ ತಡೆಯುವ ಇದು ಬಿಸಿಲಿನಲ್ಲಿ ತಾನೇ ಬೇಗ ಕೆಡುತ್ತದೆ. ಜೊತೆಗೆ ಆಕ್ಟೋಕ್ರಿಲೀನ್ ಅಥವಾ ಟಿನೊಸಾರ್ಬ್ ಎಸ್ ಎಂದು ಪ್ರಸಿದ್ಧವಾದ ಬೆಮೊಟ್ರಿಜಿನಾಲ್ ಇದ್ದರೆ ಅದು ಸ್ಥಿರವಾಗಿ ನಿಲ್ಲುತ್ತದೆ. ಎಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್, ಅಂದರೆ ಆಕ್ಟಿನಾಕ್ಸೇಟ್, ಅವೊಬೆಂಜೋನಿನ ಜೊತೆಗಿದ್ದು ಸ್ಥಿರಗೊಳಿಸುವ ಘಟಕ ಯಾವುದೂ ಇಲ್ಲದಿದ್ದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ಒಂದೇ ಬೆಲೆಯ ಎರಡು ಟ್ಯೂಬ್‌ಗಳಲ್ಲಿ ಯಾವುದನ್ನು ಆರಿಸುವುದೆಂದು ತೋಚದಿದ್ದಾಗ ನಾನು ಈ ಪಟ್ಟಿಯನ್ನು ನೋಡಿಯೇ ತೀರ್ಮಾನಿಸುತ್ತೇನೆ.

ಬಂಗು ಇರುವವರಿಗೆ ಮೂರನೆಯದೊಂದು ಆಯ್ಕೆ ಇದೆ, ಅದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತಾಗಿಲ್ಲ ಎಂಬ ಬೇಸರ ನನಗಿದೆ. ಗೋಧಿ ಮತ್ತು ಕಪ್ಪು ಮೈಬಣ್ಣದಲ್ಲಿ ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲಿಯೂ ನೀಲಿ ಭಾಗ, ಕಲೆಗಳನ್ನು ಗಾಢವಾಗಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಎಷ್ಟೇ ಎಸ್‌ಪಿಎಫ್ ಇದ್ದರೂ ಇದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಬೆರೆತ ಬಣ್ಣದ, ಅಂದರೆ ಟಿಂಟೆಡ್, ಸನ್‌ಸ್ಕ್ರೀನ್ ತಡೆಯುತ್ತದೆ. ಆ ಬಣ್ಣವೇ ಖನಿಜ ಸನ್‌ಸ್ಕ್ರೀನಿನ ಬಿಳಿ ಪದರವನ್ನೂ ಮರೆಮಾಡುತ್ತದೆ. ನನ್ನ ಕೆನ್ನೆಯ ಬಂಗು ತಿಳಿಯಾಗತೊಡಗಿದ್ದು ಪ್ರಮಾಣವನ್ನು ಸರಿಪಡಿಸಿಕೊಂಡು, ಟಿಂಟೆಡ್ ಟ್ಯೂಬಿಗೆ ಬದಲಾಯಿಸಿಕೊಂಡ ಮೇಲೆ. ಇವುಗಳ ಬೆಲೆ ತುಸು ಹೆಚ್ಚು, ನಮ್ಮ ಮೈಬಣ್ಣಕ್ಕೆ ಹೊಂದುವ ಛಾಯೆ ಸಿಗುವುದೂ ಕಷ್ಟ. ಅಂಗಡಿಯಲ್ಲಿ ದವಡೆಯ ಮೇಲೆ ಹಚ್ಚಿ, ಹೊರಗಿನ ಬೆಳಕಿಗೆ ಬಂದು ನೋಡದೆ ಕೊಳ್ಳಬೇಡಿ.

ಊರಿಗೆ ತಕ್ಕ ಟ್ಯೂಬ್

ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ದಪ್ಪ ಕ್ರೀಮ್ ಬೆವರಿನೊಂದಿಗೆ ಕರಗಿ ಕಣ್ಣಿಗಿಳಿಯುತ್ತದೆ. ಅಲ್ಲಿ ಜೆಲ್ ಅಥವಾ ನೀರಿನಂತೆ ಹಗುರವಾದವು ಒಗ್ಗುತ್ತವೆ, 40 ಅಥವಾ 80 ನಿಮಿಷ ನೀರನ್ನು ತಾಳುತ್ತದೆ ಎಂದು ಬರೆದಿರುವುದು ಇನ್ನೂ ಉತ್ತಮ. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಮದ್ಯಸಾರ ಹೆಚ್ಚಿರುವ ಜೆಲ್ ಚರ್ಮವನ್ನು ಬಿಗಿದು ಉರಿಸುತ್ತದೆ, ಆದ್ದರಿಂದ ಲೋಷನ್ ಅಥವಾ ಕ್ರೀಮ್ ಮೇಲು. ಬೆಂಗಳೂರಿನವರು ಮೋಸಹೋಗುವುದು ತಂಪಿನಿಂದ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಗಾಳಿ ಹಿತವಾಗಿದ್ದರೂ ನೇರಳಾತೀತ ಕಿರಣಗಳು ಕಡಿಮೆಯಾಗುವುದಿಲ್ಲ. ಸಾವಿರ ಮೀಟರ್ ಏರಿದಂತೆ ಅವು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ, ತೆಳುಮೋಡವನ್ನೂ ಬಹುಮಟ್ಟಿಗೆ ದಾಟಿ ಬರುತ್ತವೆ. ವರ್ಷಕ್ಕೆರಡು ಬಾರಿ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಂತು ನೆರಳೇ ಕಾಣದಾಗುತ್ತದೆ. ಶೂನ್ಯ ನೆರಳಿನ ದಿನವೆಂದು ಶಾಲೆಗಳಲ್ಲಿ ಮಕ್ಕಳಿಗೆ ಅದನ್ನು ತೋರಿಸುತ್ತಾರೆ. ಆ ಪಾಠವನ್ನೇ ದಿನವೂ ಬಳಸಿಕೊಳ್ಳಬಹುದು: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲೆಲ್ಲ ಕಿರಣಗಳು ಪ್ರಬಲವಾಗಿವೆ ಎಂದೇ ತಿಳಿಯಿರಿ.

ಸ್ಟಿಕ್, ಸ್ಪ್ರೇ, ಪೌಡರ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ಟಿಕ್ ಮೂಗು, ಕಿವಿ, ಕಣ್ಣಿನ ಸುತ್ತ ಮತ್ತೆ ಹಚ್ಚಲು ಅನುಕೂಲ. ಸ್ಪ್ರೇ ಗಾಳಿಗೆ ಹಾರಿ ಅರ್ಧ ಪೋಲಾಗುತ್ತದೆ, ಮುಖಕ್ಕೆ ನೇರವಾಗಿ ಹೊಡೆದರೆ ಉಸಿರಿನೊಳಗೆ ಹೋಗುತ್ತದೆ. ಪೌಡರನ್ನು ಬೇಕಾದಷ್ಟು ದಪ್ಪವಾಗಿ ಹಚ್ಚಲು ಸಾಧ್ಯವೇ ಇಲ್ಲ.

ಹಚ್ಚುವ ಕ್ರಮ

ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿಕೊಂಡರೆ ಮುಖಕ್ಕೂ ಕುತ್ತಿಗೆಗೂ ಬೇಕಾದಷ್ಟು ಆಗುತ್ತದೆ. ಒಂದೇ ಸಲಕ್ಕೆ ಜಿಗುಟೆನಿಸಿದರೆ ಒಂದು ಗೆರೆ ಹಚ್ಚಿ, ಅದು ಕುಳಿತ ಮೇಲೆ ಇನ್ನೊಂದನ್ನು ಹಚ್ಚಿ. ಕಿವಿ, ಕುತ್ತಿಗೆಯ ಹಿಂಭಾಗ, ಬೈತಲೆ ಮತ್ತು ಕೈಯ ಹಿಂಭಾಗವನ್ನು ಮರೆಯುವವರೇ ಹೆಚ್ಚು. ಮಾಯಿಶ್ಚರೈಸರ್ ಮೊದಲು, ಸನ್‌ಸ್ಕ್ರೀನ್ ನಂತರ, ಮೇಕಪ್ ಕೊನೆಗೆ. ಮಾಯಿಶ್ಚರೈಸರನ್ನೂ ಸನ್‌ಸ್ಕ್ರೀನನ್ನೂ ಅಂಗೈಯಲ್ಲಿ ಕಲಸಿ ಹಚ್ಚಿದರೆ ಪದರ ತೆಳುವಾಗುತ್ತದೆ, ಎಸ್‌ಪಿಎಫ್ 20ರ ಮಾಯಿಶ್ಚರೈಸರ್ ಮೇಲೆ 30ರ ಸನ್‌ಸ್ಕ್ರೀನ್ ಹಚ್ಚಿದರೆ 50 ಆಗುವುದೂ ಇಲ್ಲ. ಮನೆಯಿಂದ ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹಚ್ಚಿ. ಹೊರಗೇ ಕೆಲಸ ಮಾಡುವವರು ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡಾಗಲೆಲ್ಲ, ಮತ್ತೆ ಹಚ್ಚಬೇಕು.

ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವ ಮನೆಮದ್ದನ್ನು ದಯವಿಟ್ಟು ಬಿಡಿ. ನಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲಿನೊಂದಿಗೆ ಸೇರಿ ಚರ್ಮವನ್ನು ಸುಟ್ಟು, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಗಳನ್ನು ಮಾಡುತ್ತವೆ.

ಸಂತೆಯಲ್ಲಿ ಸಿಗುವ ರಕ್ಷಣೆ

ಇಡೀ ಮೈಗೆ ಒಂದು ಸಲ ಹಚ್ಚಲು ಸುಮಾರು 30 ಮಿಲಿಲೀಟರ್ ಬೇಕು. ಯಾವ ಮಧ್ಯಮ ವರ್ಗದ ಮನೆಯೂ ದಿನವೂ ಅಷ್ಟನ್ನು ಖರ್ಚು ಮಾಡಲಾರದು. ಮುಖಕ್ಕೆ ಸನ್‌ಸ್ಕ್ರೀನ್, ಉಳಿದ ಮೈಗೆ ಬಟ್ಟೆ ಎಂಬುದೇ ನಮಗೆ ಎಟುಕುವ ಹಂಚಿಕೆ. ಈ ಹಂಚಿಕೆಗೆ ಬೇಕಾದ ವಸ್ತುಗಳನ್ನು ಹುಡುಕಿ ಕೊಳ್ಳುವುದು ನನಗೆ ಅತ್ಯಂತ ಖುಷಿ ಕೊಡುವ ಕೆಲಸ.

ಮೊದಲನೆಯದು ಕಪ್ಪು ಬಟ್ಟೆಯ ಕೊಡೆ. ಸಾಮಾನ್ಯ ಕೈಕೊಡೆಗಳನ್ನು ಅಳೆದು ನೋಡಿದ ಅಧ್ಯಯನವೊಂದರಲ್ಲಿ ಕಪ್ಪು ಕೊಡೆಗಳು ಶೇ. 90ಕ್ಕಿಂತ ಹೆಚ್ಚು ನೇರಳಾತೀತ ಕಿರಣಗಳನ್ನು ತಡೆದವು. ಅಜ್ಜಂದಿರು ಬೇಸಗೆಯಲ್ಲಿಯೂ ಹಿಡಿದು ನಡೆಯುತ್ತಿದ್ದ ಆ ಕೊಡೆ ವರ್ಷಗಟ್ಟಲೆ ಬಾಳುತ್ತದೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವ ಗೊಡವೆಯೂ ಇಲ್ಲ. ನೆಲದಿಂದ, ಗೋಡೆಗಳಿಂದ ಚದುರಿ ಬರುವ ಕಿರಣಗಳನ್ನು ಅದು ತಡೆಯದಾದ್ದರಿಂದ ಮುಖಕ್ಕೆ ಸನ್‌ಸ್ಕ್ರೀನ್ ಇದ್ದೇ ಇರಲಿ.

ಸ್ಕೂಟರ್ ಓಡಿಸುವವರಿಗೆ ಮೊಣಕೈ ದಾಟುವ ತೋಳಿನ ಕವಚಗಳು ಬೆಂಗಳೂರಿನ ಚಿಕ್ಕಪೇಟೆಯಲ್ಲಿ, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ, ಸಿಗ್ನಲ್‌ಗಳ ಬಳಿಯೂ ನೂರು ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತವೆ. ಕೊಳ್ಳುವ ಮುನ್ನ ಅದನ್ನು ತುಸು ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಬೆಳಕು ಕಂಡರೆ ಕಿರಣಗಳೂ ನುಗ್ಗುತ್ತವೆ. ಬಟ್ಟೆಯ ವಿಷಯದಲ್ಲಿ ಇದೊಂದೇ ಪರೀಕ್ಷೆ ಸಾಕು. ತೆಳುವಾದ ಬಿಳಿ ಹತ್ತಿ ಅಂಗಿಗಿಂತ ದಟ್ಟ ನೇಯ್ಗೆಯ, ಗಾಢ ಬಣ್ಣದ ಅಂಗಿ ಹೆಚ್ಚು ಕಾಯುತ್ತದೆ, ಬೆವರಿಗೆ ಒದ್ದೆಯಾದ ತೆಳು ಬಟ್ಟೆ ಇನ್ನಷ್ಟು ಕಡಿಮೆ ಕಾಯುತ್ತದೆ. ಮುಖಕ್ಕೆ ಸುತ್ತಿಕೊಳ್ಳುವ ವೇಲಿಗೂ ಇದೇ ಮಾತು ಅನ್ವಯಿಸುತ್ತದೆ.

ಟೊಪ್ಪಿ ಕೊಳ್ಳುವಾಗ ಅಂಚಿನ ಅಗಲ ನೋಡಿ. ತುಳುನಾಡಿನ ಅಡಿಕೆ ಹಾಳೆಯ ಮುಟ್ಟಾಳೆ ನನಗೆ ಬಹಳ ಇಷ್ಟ. ತೂಕವಿಲ್ಲ, ತಂಪಾಗಿರುತ್ತದೆ, ಹೊರೆ ಹೊರುವವರ ನೆತ್ತಿಯನ್ನು ತಲೆಮಾರುಗಳಿಂದ ಕಾಯ್ದಿದೆ. ಆದರೆ ಅದಕ್ಕೆ ಅಂಚಿಲ್ಲದ ಕಾರಣ ಮುಖ, ಕಿವಿ, ಕುತ್ತಿಗೆ ಬಿಸಿಲಿಗೇ ಉಳಿಯುತ್ತವೆ. ಕ್ರಿಕೆಟ್ ಕ್ಯಾಪ್ ಮೂಗನ್ನು ಕಾಯುತ್ತದೆ, ಕಿವಿಯನ್ನು ಬಿಡುತ್ತದೆ. ಸುತ್ತಲೂ ನಾಲ್ಕು ಬೆರಳಗಲ ಅಂಚಿರುವ ಬಟ್ಟೆಯ ಟೊಪ್ಪಿ, ಮಡಚಿ ಚೀಲಕ್ಕೆ ಹಾಕಿಕೊಳ್ಳುವಂಥದ್ದು, ಇವೆರಡನ್ನೂ ಮೀರಿಸುತ್ತದೆ. ಹೊಲದ ಕೆಲಸಕ್ಕೂ ಅದೇ ಸರಿ.

ರಸ್ತೆಬದಿಯ ಕಪ್ಪು ಕನ್ನಡಕದ ವಿಷಯದಲ್ಲಿ ಮಾತ್ರ ಅಗ್ಗಕ್ಕೆ ಆಸೆಪಡಬಾರದು. ನೇರಳಾತೀತವನ್ನು ತಡೆಯದ ಗಾಢ ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗಿ ಹೆಚ್ಚು ಕಿರಣಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಯುವಿ 400 ಎಂದಿರುವುದನ್ನು ಕನ್ನಡಕದ ಅಂಗಡಿಯಲ್ಲಿಯೇ ಕೊಳ್ಳಿ. ಹಲವು ಅಂಗಡಿಗಳಲ್ಲಿ ಪುಟ್ಟ ಯಂತ್ರದಿಂದ ಪರೀಕ್ಷಿಸಿಯೂ ತೋರಿಸುತ್ತಾರೆ.

ಕೆಲವರ ವಿಷಯ ಬೇರೆ

ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆ ಸಾಕು. ತೊನ್ನು ಇರುವವರಿಗೆ ಬಣ್ಣವಿಲ್ಲದ ಜಾಗಗಳು ಬೇಗ ಸುಡುವುದರಿಂದ ಸನ್‌ಸ್ಕ್ರೀನ್ ಅತ್ಯಗತ್ಯ, ಆದರೆ ಬೆಳಕಿನ ಚಿಕಿತ್ಸೆ ನಡೆಯುತ್ತಿದ್ದರೆ ಯಾವಾಗ ಹಚ್ಚಬೇಕೆಂದು ವೈದ್ಯರನ್ನೇ ಕೇಳಿ. ಮೊಡವೆಗೆ ಡಾಕ್ಸಿಸೈಕ್ಲಿನ್ ನುಂಗುತ್ತಿರುವವರು, ರಾತ್ರಿ ರೆಟಿನಾಲ್ ಹಚ್ಚುವವರು ಬಿಸಿಲಿಗೆ ಬೇಗ ಕೆರಳುತ್ತಾರೆ. ಇವರು ಮಳೆಗಾಲದಲ್ಲಿಯೂ ಬಿಡುವಂತಿಲ್ಲ.

ಟ್ಯೂಬನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಾಗಲಿ ಸ್ಕೂಟರಿನ ಡಿಕ್ಕಿಯಲ್ಲಾಗಲಿ ಇಡಬೇಡಿ, ಬಿಸಿಗೆ ಅದು ಒಡೆದು ನೀರುನೀರಾಗುತ್ತದೆ. ಬಿಳಿ ಸಮವಸ್ತ್ರದ ಕಾಲರಿನ ಮೇಲೆ ತುಕ್ಕಿನ ಬಣ್ಣದ ಕಲೆ ಕಾಣಿಸಿಕೊಂಡರೆ ಅದಕ್ಕೆ ಕಾರಣ ಅವೊಬೆಂಜೋನ್ ಮತ್ತು ಬೋರ್‌ವೆಲ್ ನೀರಿನಲ್ಲಿರುವ ಕಬ್ಬಿಣ. ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ, ನಿಂಬೆರಸ ಹಿಂಡಿ ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ. ಹೊಸ ಟ್ಯೂಬ್ ತೆರೆದ ದಿನವೇ ಅದರ ಬೆನ್ನಿನ ಮೇಲೆ ತಾರೀಖನ್ನು ಮಾರ್ಕರ್ ಪೆನ್ನಿನಿಂದ ಬರೆದಿಡಿ. ನನ್ನ ಈಗಿನ 50 ಗ್ರಾಂ ಟ್ಯೂಬ್, ಮಧ್ಯಾಹ್ನವೂ ಹಚ್ಚುವುದರಿಂದ, ಮೂರು ವಾರಕ್ಕೆ ಮುಗಿಯುತ್ತದೆ.